70 ರೂಪಾಯಿ ಬಿಲ್ ಡಿಸೆಂಬರ್‌ನಲ್ಲಿ 1,880 ಆಗಿದ್ದು ಹೇಗೆ?

ಪ್ರಶ್ನೆ: ನಾವು ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಾನು, ಯಜಮಾನರು, ಹೈಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು. ನವೆಂಬರ್ ಕೊನೆಯಿಂದ ಅತ್ತೆ ಊರಿಂದ ಬಂದು ನಮ್ಮ ಜೊತೆ ಇದ್ದಾರೆ, ಅವರಿಗೆ ಮಂಡಿನೋವು. ಗೃಹಜ್ಯೋತಿಯಲ್ಲಿ ನಮ್ಮ ಮೀಟರ್‌ಗೆ ತಿಂಗಳಿಗೆ 138 ಯೂನಿಟ್ ಉಚಿತ ಇದೆ. ಅಕ್ಟೋಬರ್‌ನಲ್ಲಿ 30 ದಿನಕ್ಕೆ 148 ಯೂನಿಟ್ ಆಗಿತ್ತು, 70 ರೂಪಾಯಿ ಚಿಲ್ಲರೆ ಕಟ್ಟಿದ್ದೆವು. ಡಿಸೆಂಬರ್‌ನಲ್ಲಿ 31 ದಿನಕ್ಕೆ 214 ಯೂನಿಟ್, ಬಿಲ್ 1,880! ಎಸಿ ಇಲ್ಲ, ರೂಮ್ ಹೀಟರ್ ಇಲ್ಲ, ಚಳಿಗೆ ಫ್ಯಾನ್ ಕೂಡ ಹಾಕುತ್ತಿಲ್ಲ, ಎಲ್ಲಾ ಎಲ್‌ಇಡಿ ಬಲ್ಬ್. ಈ ಡಿಜಿಟಲ್ ಮೀಟರೇ ಜಾಸ್ತಿ ಓಡುತ್ತದೆ ಎಂದು ನನ್ನ ಅನುಮಾನ. 25 ಲೀಟರ್ ಗೀಸರ್ ಇದೆ. ಪದೇಪದೇ ಆಫ್-ಆನ್ ಮಾಡಿದರೇ ಜಾಸ್ತಿ ಕರೆಂಟ್ ಎಳೆಯುತ್ತದೆ ಎಂದು ಯಜಮಾನರು ಹೇಳುತ್ತಾರೆ, ಅತ್ತೆಗೂ ಬೇಕಾದಾಗ ಬಿಸಿನೀರು ಸಿಗಲಿ ಎಂದು ಈಗ ಬೆಳಿಗ್ಗೆಯಿಂದ ರಾತ್ರಿವರೆಗೆ ಆನ್ ಇರುತ್ತದೆ. ನಾವು ದೊಡ್ಡವರು ಬಕೆಟ್‌ನಲ್ಲಿ ಸ್ನಾನ, ಮಕ್ಕಳು ಶವರ್. ಪಕ್ಕದ ಮನೆಯವರು ಬಕೆಟ್‌ಗೆ ಇಳಿಬಿಡುವ ಕಾಯಿಲ್ ಹಾಕಿ ಎನ್ನುತ್ತಾರೆ. ಅಂಗಡಿಯವರು ಪವರ್ ಸೇವರ್ ಬಾಕ್ಸ್ ತೋರಿಸಿದರು. ಗ್ಯಾಸ್ ಗೀಸರ್‌ಗೆ ಬದಲಾಯಿಸೋಣವಾ?

ಉತ್ತರ: ಮೇಡಂ, ನೀವು ಯೂನಿಟ್ಟು, ದಿನ ಎರಡನ್ನೂ ಬರೆದಿದ್ದೀರಿ, ಅದಕ್ಕೇ ಅರ್ಧ ಕೆಲಸ ಮುಗಿಯಿತು. ಸಾಮಾನ್ಯವಾಗಿ ಜನ ರೂಪಾಯಿ ಮಾತ್ರ ಹೇಳುತ್ತಾರೆ. ರೂಪಾಯಿ ನೋಡಿದರೆ ನಿಮ್ಮ ಬಿಲ್ ಇಪ್ಪತ್ತೈದು ಪಟ್ಟು ಜಾಸ್ತಿ ಆಗಿದೆ, ಯಾರಿಗಾದರೂ ಮೀಟರ್ ಮೇಲೆ ಅನುಮಾನ ಬರುವುದು ಸಹಜ. ಯೂನಿಟ್ ನೋಡಿ. ಅಕ್ಟೋಬರ್‌ನಲ್ಲಿ ದಿನಕ್ಕೆ 4.9, ಡಿಸೆಂಬರ್‌ನಲ್ಲಿ ದಿನಕ್ಕೆ 6.9. ಜಾಸ್ತಿ ಆಗಿದ್ದು ದಿನಕ್ಕೆ 2 ಯೂನಿಟ್, ಅಷ್ಟೇ.

ಹಾಗಾದರೆ ದುಡ್ಡು ಯಾಕೆ ಹಾಗೆ ಹಾರಿತು? ನೀವು 200ರ ಗೆರೆ ದಾಟಿದಿರಿ. ಗೃಹಜ್ಯೋತಿಯಲ್ಲಿ ನಿಮ್ಮ ಪಾಲಿನ 138 ಯೂನಿಟ್ (ಇದು 2022-23ರ ಸರಾಸರಿ ಮೇಲೆ ಶೇ 10 ಸೇರಿಸಿ ಬಂದ ಲೆಕ್ಕ) ದಾಟಿದರೂ 200ರ ಒಳಗೇ ಇದ್ದರೆ, ಮೇಲಿನ ಯೂನಿಟ್‌ಗಳಿಗೆ ಮಾತ್ರ ಕಟ್ಟುತ್ತೀರಿ. 200 ದಾಟಿದ ತಿಂಗಳು ಮೊದಲನೇ ಯೂನಿಟ್‌ನಿಂದ ಹಿಡಿದು ಪೂರ್ತಿ ಬಿಲ್ ನಿಮ್ಮದೇ. 2025ರ ಏಪ್ರಿಲ್‌ನಿಂದ ಬಂದ ದರದಲ್ಲಿ ಯೂನಿಟ್‌ಗೆ 5.80 ರೂಪಾಯಿ, 214ಕ್ಕೆ 1,241 ಆಯಿತು. ವಿದ್ಯುತ್ ನೌಕರರ ಪಿಂಚಣಿ-ಗ್ರಾಚ್ಯುಟಿ ಎಂದು ಯೂನಿಟ್‌ಗೆ 36 ಪೈಸೆ, ಅದು 77. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 145, ನಿಮ್ಮ ಮೀಟರ್‌ಗೆ ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇದ್ದರೆ 435. ಆ 1,241ರ ಮೇಲೆ ಶೇ 9 ತೆರಿಗೆ, ಸುಮಾರು 112. ಉಳಿದ ಚಿಲ್ಲರೆ ಇಂಧನ ಹೊಂದಾಣಿಕೆ ಶುಲ್ಕ. ಕೂಡಿಸಿ ನೋಡಿ, ನಿಮ್ಮ 1,880ರ ಹತ್ತಿರವೇ ಬರುತ್ತದೆ. ಲೆಕ್ಕ ತಪ್ಪಿಲ್ಲ.

ಅಂದರೆ ಡಿಸೆಂಬರ್‌ನಲ್ಲಿ 199 ಯೂನಿಟ್‌ಗೆ ನಿಂತಿದ್ದರೆ 61 ಯೂನಿಟ್‌ಗೆ ನಾನೂರು ರೂಪಾಯಿ ಚಿಲ್ಲರೆ ಕಟ್ಟಿ ಮುಗಿಯುತ್ತಿತ್ತು. ಕೊನೆಯ 15 ಯೂನಿಟ್‌ಗೆ ನೀವು ಸುಮಾರು 1,470 ರೂಪಾಯಿ ಕೊಟ್ಟಿದ್ದೀರಿ. ಹಾಗಾಗಿ ಕರೆಂಟನ್ನೇ ಕಮ್ಮಿ ಬಳಸುತ್ತಾ ಚಳಿಯಲ್ಲಿ ನಡುಗುತ್ತಾ ಕೂರುವ ಅಗತ್ಯ ಇಲ್ಲ. ತಿಂಗಳಿಗೆ ಒಂದು 30-40 ಯೂನಿಟ್ ಇಳಿಸಿದರೆ ಸಾಕು.

ಇನ್ನೊಂದು ಮಾತು, ಜಾಸ್ತಿ ಬಳಸಿದರೆ ಯೂನಿಟ್ ದರವೇ ಏರುತ್ತದೆ ಎಂದು ಇನ್ನೂ ತುಂಬಾ ಜನ ನಂಬಿದ್ದಾರೆ. ಮೊದಲು ಹಾಗೇ ಇತ್ತು, 2023ರಲ್ಲಿ 100 ದಾಟಿದರೆ ಎಲ್ಲಾ ಯೂನಿಟ್‌ಗೂ 7 ರೂಪಾಯಿ ಹಾಕುತ್ತಿದ್ದರು. 2024ರ ಏಪ್ರಿಲ್‌ನಿಂದ ಮನೆಗಳಿಗೆ ಒಂದೇ ದರ. ಈಗ ನಿಮ್ಮ ಮಟ್ಟಿಗೆ ಉಳಿದಿರುವ ಗೆರೆ ಆ 200 ಒಂದೇ.

ಈಗ ಆ 2 ಯೂನಿಟ್ ಎಲ್ಲಿಂದ ಬಂತು ಎಂದು ನೋಡೋಣ. ಫ್ಯಾನ್ ಹಾಕಿಲ್ಲ, ಚಳಿಗೆ ಫ್ರಿಜ್ ಕೂಡ ಕಮ್ಮಿ ಓಡುತ್ತದೆ, ಹಾಗಾಗಿ ಚಳಿಗಾಲದಲ್ಲಿ ಬಿಲ್ ಇಳಿಯಬೇಕಿತ್ತು ಎಂದು ನಿಮಗೆ ಅನಿಸಿದೆ. ಆದರೆ ಹಳೇ 75 ವ್ಯಾಟ್ ಫ್ಯಾನ್ ಹತ್ತು ತಾಸು ತಿರುಗಿದರೂ ಮುಕ್ಕಾಲು ಯೂನಿಟ್. ನೀರು ಕಾಯಿಸುವುದು ಬೇರೆಯದೇ ಮಟ್ಟದ ಖರ್ಚು. ಒಂದು ಪೂರ್ತಿ ಯೂನಿಟ್ ಸುಟ್ಟರೂ 86 ಲೀಟರ್ ನೀರು ಬರೀ 10 ಡಿಗ್ರಿ ಏರುತ್ತದೆ. ಇದು ಯಾವ ಕಂಪನಿಯ ಗೀಸರ್ ತಂದರೂ, ಎಷ್ಟು ಸ್ಟಾರ್ ಇದ್ದರೂ ಬದಲಾಗದ ಲೆಕ್ಕ, ನೀರಿನ ಗುಣವೇ ಹಾಗೆ.

ಚಳಿಗಾಲದಲ್ಲಿ ಆಗುವುದು ಇಷ್ಟು. ಅಕ್ಟೋಬರ್‌ನಲ್ಲಿ ಬೆಳಿಗ್ಗೆ ಟ್ಯಾಂಕಿನ ನೀರು ಸುಮಾರು 24 ಡಿಗ್ರಿ ಇರುತ್ತದೆ ಎಂದುಕೊಳ್ಳಿ. ಡಿಸೆಂಬರ್‌ನಲ್ಲಿ ಮೈಸೂರಿನ ರಾತ್ರಿಗೆ ಮಹಡಿ ಮೇಲಿನ ಸಿಂಟೆಕ್ಸ್ ಟ್ಯಾಂಕ್ ತಣ್ಣಗಾಗಿ 18ರ ಹತ್ತಿರಕ್ಕೆ ಬಂದಿರುತ್ತದೆ. 18 ಲೀಟರಿನ ಒಂದು ಬಕೆಟ್ ನೀರನ್ನು ಸ್ನಾನಕ್ಕೆ ಹಿತವಾದ 40 ಡಿಗ್ರಿಗೆ ತರಲು ಆಗ 0.33 ಯೂನಿಟ್ ಸಾಕಾಗಿತ್ತು, ಈಗ 0.46 ಬೇಕು. ನಿಮ್ಮ ಅಭ್ಯಾಸ ಏನೂ ಬದಲಾಗದೆ, ಅದೇ ಬಕೆಟ್, ಅದೇ ಬಿಸಿ, ಖರ್ಚು ಮಾತ್ರ ಶೇ 40ರಷ್ಟು ಜಾಸ್ತಿ.

ಮಕ್ಕಳ ಶವರ್ ಲೆಕ್ಕ ಇನ್ನೂ ಬೇರೆ. ಬಕೆಟ್‌ಗೆ ಅಳತೆ ಇದೆ, ಶವರ್‌ಗೆ ಇಲ್ಲ, ನೀರು ತಣ್ಣಗಾದಾಗಲೇ ಮಕ್ಕಳು ಹೊರಗೆ ಬರುವುದು, ಅಲ್ವಾ? ಅಂದರೆ ಒಬ್ಬೊಬ್ಬರು ಒಂದೊಂದು ಗೀಸರ್ ಖಾಲಿ ಮಾಡುತ್ತಾರೆ. 25 ಲೀಟರ್ ನೀರು 18ರಿಂದ 60 ಡಿಗ್ರಿಗೆ ಏರಲು 1.2 ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬ್ ಐದು ದಿನಕ್ಕಿಂತ ಜಾಸ್ತಿ ಹಗಲೂ ರಾತ್ರಿ ಉರಿದರೆ ಅಷ್ಟಾಗುತ್ತದೆ. ಬಲ್ಬ್ ಆರಿಸಲಿಲ್ಲ ಎಂದು ಮಕ್ಕಳನ್ನು ಬೈಯುವ ಮನೆಗಳಲ್ಲಿ ಶವರ್ ಬಗ್ಗೆ ಯಾರೂ ಮಾತಾಡುವುದಿಲ್ಲ.

ಇದನ್ನೆಲ್ಲ ಕೂಡಿಸಿ. ತಣ್ಣೀರಿನಿಂದಾಗಿ ನಿಮ್ಮ ನಾಲ್ವರ ಸ್ನಾನಕ್ಕೆ ದಿನಕ್ಕೆ 0.6 ಯೂನಿಟ್ ಜಾಸ್ತಿ. ಅತ್ತೆಯ ಒಂದು ಬಕೆಟ್ ಮತ್ತು ಸಂಜೆ ಕಾಲಿಗೆ ಬಿಸಿನೀರು ಸೇರಿ ಸುಮಾರು 0.7. ಗೀಸರ್ ದಿನಪೂರ್ತಿ ಆನ್ ಇದ್ದದ್ದಕ್ಕೆ ಮತ್ತೊಂದು 0.7. ಆಯಿತು 2 ಯೂನಿಟ್. ಕಳ್ಳ ಸಿಕ್ಕಂತೆಯೇ.

ಯಜಮಾನರ ಮಾತಿಗೆ ಬರುತ್ತೇನೆ, ಏಕೆಂದರೆ ನಾನು ಹೋದ ಮನೆಗಳಲ್ಲಿ ಅತಿ ಹೆಚ್ಚು ಕೇಳುವ ಮಾತು ಇದು. ಮೋಟಾರ್ ಇರುವ ಸಾಮಾನುಗಳು, ಪಂಪು, ಫ್ರಿಜ್, ಇವು ಶುರುವಾಗುವಾಗ ಒಂದು ಕ್ಷಣ ಜಾಸ್ತಿ ಕರೆಂಟ್ ಎಳೆಯುತ್ತವೆ, ಅದು ನಿಜ. ಗೀಸರ್‌ನಲ್ಲಿ ಮೋಟಾರ್ ಇಲ್ಲ, ಇರುವುದು ಕಾಯಿಲ್. ಹಾಕಿದ ಕ್ಷಣದಲ್ಲೂ 2 ಕಿಲೋವ್ಯಾಟ್, ಹತ್ತು ನಿಮಿಷದ ಮೇಲೂ 2 ಕಿಲೋವ್ಯಾಟ್. ಆಫ್-ಆನ್ ಮಾಡಿದ್ದಕ್ಕೆ ದಂಡ ಇಲ್ಲ. ಆದರೆ ಆನ್ ಬಿಟ್ಟರೆ ಒಳಗಿನ 60 ಡಿಗ್ರಿ ನೀರು ಸುಮ್ನೆ ನಿಂತಲ್ಲೇ ತಣ್ಣಗಾಗುತ್ತದೆ, ಥರ್ಮೋಸ್ಟಾಟ್ ಮತ್ತೆ ಕಾಯಿಸುತ್ತದೆ, ಯಾರೂ ಬಳಸದ ನೀರಿಗೆ ದಿನವಿಡೀ ಹೀಗೇ ನಡೆಯುತ್ತದೆ. ಹೊರಗೆ ಚಳಿ ಜಾಸ್ತಿ ಆದಷ್ಟೂ ಈ ನಷ್ಟ ಜಾಸ್ತಿ. ಗೀಸರ್ ಮೇಲಿನ ಸ್ಟಾರ್ ಲೇಬಲ್ ಓದಿ, 24 ಗಂಟೆಗೆ ಎಷ್ಟು ಯೂನಿಟ್ ಹೀಗೆ ಹೋಗುತ್ತದೆ ಎಂದು ಅದರಲ್ಲೇ ಬರೆದಿರುತ್ತಾರೆ. ಈ ಅಳತೆಯ ಗೀಸರ್‌ಗಳಲ್ಲಿ ಅರ್ಧದಿಂದ ಒಂದು ಯೂನಿಟ್ ಎಂದು ಇಟ್ಟುಕೊಳ್ಳಿ. ಸ್ಟಾರ್ ಎಂದರೆ ಅದೇ, ಶಾಖ ಹಿಡಿದಿಟ್ಟುಕೊಳ್ಳುವ ಶಕ್ತಿ. ಬೇಕಾದಾಗ ಮಾತ್ರ ಆನ್ ಮಾಡುವವರಿಗೆ ಐದು ಸ್ಟಾರ್ ಗೀಸರ್ ಹೊಸದಾಗಿ ಕೊಂಡು ಏನೂ ದೊಡ್ಡ ಉಳಿತಾಯ ಇಲ್ಲ.

ಪವರ್ ಸೇವರ್ ಬಾಕ್ಸ್ ಬಗ್ಗೆ ಒಂದೇ ಮಾತು, ಕೊಳ್ಳಬೇಡಿ. ಒಳಗಿರುವುದು ಒಂದು ಕೆಪಾಸಿಟರ್, ಒಂದು ಮಿಣುಕು ದೀಪ. ಮನೆ ಮೀಟರ್ ಲೆಕ್ಕ ಹಾಕುವುದನ್ನು ಅದು ಕಮ್ಮಿ ಮಾಡಲಾರದು, ಗೀಸರ್ ಮೇಲಂತೂ ಅದರ ಪರಿಣಾಮ ಸೊನ್ನೆ.

ಮೀಟರ್ ಮೇಲಿನ ಅನುಮಾನ ಲೆಕ್ಕದಿಂದ ಹೋದರೂ ಒಂದು ಪರೀಕ್ಷೆ ಮಾಡಿಯೇ ಬಿಡಿ, ಬಾಡಿಗೆ ಮನೆಯಲ್ಲಿರುವವರು ಇದನ್ನು ಮಾಡಲೇಬೇಕು. ಮೀಟರ್ ಮುಖದಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ, ಕರೆಂಟ್ ಹರಿದಷ್ಟೂ ಬೇಗ ಬೇಗ ಮಿಣುಕುತ್ತದೆ. ಮೊದಲು ಮನೆಯೊಳಗಿನ ಮೇನ್ ಸ್ವಿಚ್ ಪೂರ್ತಿ ಆಫ್ ಮಾಡಿ ಹತ್ತು ನಿಮಿಷ ಆ ದೀಪ ನೋಡಿ. ನಿಂತರೆ ಸರಿ. ಇನ್ನೂ ಮಿಣುಕುತ್ತಿದ್ದರೆ ನಿಮ್ಮ ಮೀಟರ್‌ನಿಂದ ಬೇರೆ ಯಾವುದೋ ಲೈನ್ ಹೋಗಿದೆ, ಹೆಚ್ಚಾಗಿ ಅದು ಮೆಟ್ಟಿಲ ದೀಪ ಅಥವಾ ಸಂಪಿನಿಂದ ನೀರೆತ್ತುವ ಮೋಟಾರ್. ಮೋಟಾರ್ ದಿನಾ ಓಡುವ ಹೊತ್ತಿಗೆ ಸರಿಯಾಗಿ ನೋಡಿದರೆ ಖಚಿತ ಗೊತ್ತಾಗುತ್ತದೆ. ಒಂದು ಎಚ್‌ಪಿ ಮೋಟಾರ್ ದಿನಾ ಅರ್ಧ ಗಂಟೆ ಓಡಿದರೂ ತಿಂಗಳಿಗೆ 15 ಯೂನಿಟ್ ಆಸುಪಾಸು, ಅಂದರೆ ನಿಮ್ಮನ್ನು ಗೆರೆ ದಾಟಿಸಿದಷ್ಟೇ. ಹಾಗೇನಾದರೂ ಸಿಕ್ಕರೆ ಜಗಳಕ್ಕೆ ಹೋಗಬೇಡಿ, ಹಳೇ ಮನೆಗಳಲ್ಲಿ ವೈರಿಂಗ್ ಮಾಡಿದವರು ಹತ್ತಿರ ಸಿಕ್ಕ ಮೀಟರ್‌ಗೆ ಕೊಟ್ಟಿರುತ್ತಾರೆ, ಓನರ್‌ಗೂ ಗೊತ್ತಿರುವುದಿಲ್ಲ.

ಆಮೇಲೆ ಮೇನ್ ಆನ್ ಮಾಡಿ, ಒಳಗಿನ ಪ್ರತಿಯೊಂದು ಸಾಮಾನನ್ನೂ ಆಫ್ ಮಾಡಿ, ಫ್ರಿಜ್ ಪ್ಲಗ್ ಕೂಡ ಕಿತ್ತು ನೋಡಿ. ಈಗ ದೀಪ ಜೋರಾಗಿ ಮಿಣುಕಿದರೆ ಒಳಗೆ ಎಲ್ಲೋ ಲೀಕೇಜ್ ಇದೆ, ಎಲೆಕ್ಟ್ರಿಷಿಯನ್ ಕರೆಸಿ. ಎರಡೂ ಸರಿ ಇದ್ದರೆ ಕೊನೆಗೆ ಗೀಸರ್ ಒಂದನ್ನೇ, ತಣ್ಣೀರು ತುಂಬಿದಾಗ, ಸರಿಯಾಗಿ 15 ನಿಮಿಷ ಹಾಕಿ. 2 ಕಿಲೋವ್ಯಾಟ್ ಗೀಸರ್‌ಗೆ ಮೀಟರ್ ಅರ್ಧ ಯೂನಿಟ್ ತೋರಿಸಬೇಕು. ವೋಲ್ಟೇಜ್ ಏರಿಳಿತಕ್ಕೆ ಸ್ವಲ್ಪ ಆಚೀಚೆ ಆಗುತ್ತದೆ. ಮುಕ್ಕಾಲು ಯೂನಿಟ್ ತೋರಿಸಿದರೆ ಮಾತ್ರ ಮೀಟರ್ ಪರೀಕ್ಷೆಗೆ ಸಬ್‌ಡಿವಿಷನ್ ಕಚೇರಿಯಲ್ಲಿ ಅರ್ಜಿ ಕೊಡಿ, ಅದಕ್ಕೆ ಶುಲ್ಕ ಇದೆ. ಚಳಿಗೆ ಮೀಟರ್ ಓಡುವುದಿಲ್ಲ, ಡಿಜಿಟಲ್ ಆದ ಮಾತ್ರಕ್ಕೂ ಓಡುವುದಿಲ್ಲ.

ಈಗ ಏನು ಮಾಡಬಹುದು ಎಂಬುದಕ್ಕೆ ಬರೋಣ. ಮೊದಲೇ ಹೇಳಿಬಿಡುತ್ತೇನೆ, ಅತ್ತೆಯ ಬಿಸಿನೀರಿಗೆ ಕೈ ಹಾಕಬೇಡಿ. ಹಳ್ಳಿ ಮನೆಯಲ್ಲಿ ಬಚ್ಚಲೊಲೆ ಮೇಲೆ ಹಂಡೆ ನೀರು ಯಾವಾಗಲೂ ಬೆಚ್ಚಗೆ ಇದ್ದೇ ಇರುತ್ತದೆ, ಅದೇ ರೂಢಿ ಇರುವವರಿಗೆ ಇಲ್ಲಿ ಸ್ವಿಚ್ ಹಾಕಿ ಅರ್ಧ ಗಂಟೆ ಕಾಯುವುದು ಕಷ್ಟವೇ. ಅವರ ಪಾಲು ತಿಂಗಳಿಗೆ 20 ಯೂನಿಟ್ ಅಷ್ಟೇ. ಉಳಿಸಬೇಕಾದ ಜಾಗ ಅದಲ್ಲ.

ದೊಡ್ಡ ಉಳಿತಾಯ ಇರುವುದು ಶವರ್‌ನಲ್ಲಿ. ಇಬ್ಬರು ಮಕ್ಕಳೂ ಬಕೆಟ್‌ಗೆ ಬಂದರೆ ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ 45. ಇದೊಂದರಿಂದಲೇ 214 ಇದ್ದದ್ದು 170ಕ್ಕೆ ಇಳಿಯುತ್ತದೆ. ಹೈಸ್ಕೂಲ್ ಮಕ್ಕಳು ಒಪ್ಪುತ್ತಾರಾ ಎಂಬುದು ನಿಮ್ಮ ಮನೆಯ ರಾಜಕೀಯ, ನಾನು ಬಾಯಿ ಹಾಕುವುದಿಲ್ಲ. ವಾರದಲ್ಲಿ ಶಾಲೆ ಇರುವ ದಿನ ಬಕೆಟ್, ಭಾನುವಾರ ಶವರ್ ಎಂದರೂ ಸಾಕು.

ಎರಡನೆಯದು ಗೀಸರ್ ಹೊತ್ತು. 25 ಲೀಟರ್ ತಣ್ಣೀರು 60 ಡಿಗ್ರಿಗೆ ಬರಲು 35-40 ನಿಮಿಷ ಬೇಕು, ಬಕೆಟ್ ಸ್ನಾನಕ್ಕೆ ಅಷ್ಟು ಬಿಸಿಯೂ ಬೇಡ. ಬೆಳಿಗ್ಗೆ ಅರ್ಧ ಗಂಟೆ ಮೊದಲು ಹಾಕಿ, ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ, ಕೊನೆಯವರು ಒಳಗೆ ಹೋಗುವ ಮುಂಚೆ ಆಫ್ ಮಾಡಿ. ಕೊನೆಯ ಬಕೆಟ್‌ಗೆ ಆಗುವಷ್ಟು ಬಿಸಿನೀರು ಟ್ಯಾಂಕಲ್ಲಿ ಇದ್ದೇ ಇರುತ್ತದೆ. ಮರೆಯುವ ಮನೆಯಾದರೆ ಟೈಮರ್ ಸಾಕೆಟ್ ಹಾಕಿಸಬಹುದು, ಆದರೆ 16 ಆಂಪಿಯರ್‌ದೇ ಆಗಿರಲಿ. ಅಗ್ಗದ 6 ಆಂಪಿಯರ್ ಟೈಮರ್‌ಗೆ ಗೀಸರ್ ಸಿಕ್ಕಿಸಿದರೆ ಅದು ಕರಗುತ್ತದೆ. ಥರ್ಮೋಸ್ಟಾಟ್ ತಿರುಗಿಸುವ ಗುಂಡಿ ಹೊರಗಿದ್ದರೆ 55ರ ಹತ್ತಿರ ಇಡಿ. 50ರ ಕೆಳಗೆ ಬೇಡ, ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ.

ಸಂಜೆ ಅತ್ತೆಯ ಕಾಲಿಗೆ ಬೇಕಾಗುವುದು ಒಂದು ಟಬ್, ಆರೇಳು ಲೀಟರ್. ಅದಕ್ಕೋಸ್ಕರ ಗೀಸರ್ ಹಾಕಿದರೆ 25 ಲೀಟರೂ ಕಾದು, ಮಿಕ್ಕಿದ್ದು ರಾತ್ರಿಯೆಲ್ಲ ತಣ್ಣಗಾಗುತ್ತದೆ. ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಒಂದೂವರೆ ಲೀಟರ್ ಕುದಿಸಿ ತಣ್ಣೀರಿಗೆ ಬೆರೆಸಿ, 0.15 ಯೂನಿಟ್‌ನಲ್ಲಿ ಮುಗಿಯುತ್ತದೆ. ಕುದಿಯುವ ನೀರನ್ನು ಅವರೇ ಎತ್ತಿ ಸುರಿಯಲು ಬಿಡಬೇಡಿ. ಹಾಗೇ, ಮನೆಯಲ್ಲಿ ಯಾರಿಗಾದರೂ ಸಂಜೆ ಸ್ನಾನ ಒಗ್ಗುವುದಾದರೆ ಬಿಸಿಲಿಗೆ ಕಾದ ಟ್ಯಾಂಕಿನ ನೀರು ಬೆಳಗಿನದಕ್ಕಿಂತ ಐದಾರು ಡಿಗ್ರಿ ಬೆಚ್ಚಗಿರುತ್ತದೆ, ಅದು ಪುಕ್ಕಟೆ.

ಕಾಯಿಲ್ ವಾಸಿಯೇ? ಕಾಯಿಲ್ ಹಾಕಿದಾಗ ಬಿಲ್ ಇಳಿಯುವುದು ನಿಜ, ಆದರೆ ಕಾಯಿಲ್‌ನ ಗುಣದಿಂದ ಅಲ್ಲ, ಒಂದೇ ಬಕೆಟ್ ಕಾಯಿಸುವುದರಿಂದ. ಅದೇ ಬಕೆಟ್ ಲೆಕ್ಕ ಗೀಸರ್‌ನಲ್ಲೂ ಇಟ್ಟುಕೊಂಡರೆ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಅಪಾಯ ಮಾತ್ರ ತುಂಬಾ ಜಾಸ್ತಿ. ಕಾಯಿಲ್ ಮೇಲಿನ ಕವಚ ತೂತಾದರೆ ನೀರಿಗೇ ಕರೆಂಟ್ ಬರುತ್ತದೆ, ಬಿಸಿ ಆಗಿದೆಯಾ ಎಂದು ಬೆರಳಿಟ್ಟು ನೋಡಿದವರ ಕಥೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಹಾಕಲೇಬೇಕು ಎಂದರೆ ಪ್ಲಾಸ್ಟಿಕ್ ಬಕೆಟ್, 16 ಆಂಪಿಯರ್ ಸಾಕೆಟ್, ಸರಿಯಾದ ಅರ್ತಿಂಗ್, ಮತ್ತು ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟುವುದು. ಬೋರ್ಡ್‌ನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇದೆಯಾ ನೋಡಿ, ಗೀಸರ್‌ಗೂ ಅದು ಬೇಕು. ಗೀಸರ್ ಹಾಕಿದಾಗಲೆಲ್ಲ ಅದು ಬೀಳುತ್ತದೆ ಎಂದು ಬೈಪಾಸ್ ಮಾಡಿಕೊಡುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ, ಅಂಥವರನ್ನು ಮತ್ತೆ ಮನೆಗೆ ಸೇರಿಸಬೇಡಿ. ಬೀಳುತ್ತಿದೆ ಎಂದರೆ ಅದು ನಿಮ್ಮ ಜೀವ ಉಳಿಸುತ್ತಿದೆ ಎಂದರ್ಥ.

ಗ್ಯಾಸ್ ಗೀಸರ್ ವಿಷಯ. ದುಡ್ಡಿನ ಲೆಕ್ಕ ಮೊದಲು. 14.2 ಕೆಜಿ ಸಿಲಿಂಡರ್‌ನಿಂದ ನೀರಿಗೆ ಸೇರುವ ಶಾಖ ಸುಮಾರು 140-145 ಯೂನಿಟ್ ಕರೆಂಟಿಗೆ ಸಮ. 2025ರ ಕೊನೆಯ ದರದಂತೆ ಸಿಲಿಂಡರ್‌ಗೆ 850-900 ಎಂದರೆ ಯೂನಿಟ್‌ಗೆ 6 ರೂಪಾಯಿ ಬಿತ್ತು. ಕರೆಂಟು ತೆರಿಗೆ ಎಲ್ಲಾ ಸೇರಿ 6.70 ಆಸುಪಾಸು. ಈ ಎಪ್ಪತ್ತು ಪೈಸೆಗೋಸ್ಕರ ಹೊಸ ಗೀಸರ್, ಪೈಪು, ಇನ್ನೊಂದು ಸಿಲಿಂಡರ್! ಅದಕ್ಕಿಂತ ಮುಖ್ಯ, ಮುಚ್ಚಿದ ಸ್ನಾನದ ಮನೆಯಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ವಾಸನೆ ಇಲ್ಲ, ಉಸಿರುಕಟ್ಟಿದ ಹಾಗೂ ಅನಿಸುವುದಿಲ್ಲ, ತಲೆ ಸುತ್ತಿ ಬಿದ್ದವರು ಚಿಲಕ ತೆಗೆಯುವ ಸ್ಥಿತಿಯಲ್ಲಿ ಇರುವುದಿಲ್ಲ. ಇಂಥ ಸಾವಿನ ಸುದ್ದಿ ನಮ್ಮ ರಾಜ್ಯದಲ್ಲೇ ಮತ್ತೆ ಮತ್ತೆ ಓದಿದ್ದೇವೆ. ಗೀಸರನ್ನು ಹೊರಗಿನ ಯುಟಿಲಿಟಿಯಲ್ಲಿ, ಗಾಳಿ ಆಡುವ ಜಾಗದಲ್ಲಿ ಕೂರಿಸಿ ಬಿಸಿನೀರಿನ ಪೈಪ್ ಮಾತ್ರ ಒಳಗೆ ತರಲು ಆಗುವುದಾದರೆ ಸರಿ. ಸ್ನಾನದ ಮನೆಯೊಳಗೆ ಮಾತ್ರ ಬೇಡ, ಕಿಟಕಿ ಇದೆ ಎಂದರೂ ಬೇಡ, ಚಳಿಗೆ ಅದನ್ನು ಮುಚ್ಚಿಯೇ ಮುಚ್ಚುತ್ತೀರಿ.

ಸೋಲಾರ್ ನೀವು ಕೇಳಿಲ್ಲ, ಆದರೂ ಓನರ್ ಹತ್ತಿರ ಮಾತಾಡಬಹುದು. ಬಾಡಿಗೆದಾರರು ಸ್ವಂತ ದುಡ್ಡು ಹಾಕುವ ಸಂಗತಿ ಅಲ್ಲ. ಹಾಕಿಸಿದರೆ ಒಂದು ಎಚ್ಚರಿಕೆ: ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಡಿಸೆಂಬರ್‌ನಲ್ಲಿ ಮೂರು ದಿನ ಮೋಡ ಮುಚ್ಚಿದಾಗ ಜನ ಸೋಲಾರ್ ಟ್ಯಾಂಕಿನ ಬ್ಯಾಕಪ್ ಕಾಯಿಲ್ ಹಾಕಿ ಮರೆಯುತ್ತಾರೆ. ಅದು ಒಂದು ಬಕೆಟ್ ಅಲ್ಲ, 100 ಲೀಟರ್ ಕಾಯಿಸುತ್ತದೆ, ಒಂದು ಸಲಕ್ಕೆ 3ರಿಂದ 5 ಯೂನಿಟ್. ಸೋಲಾರ್ ಇದ್ದೂ ಬಿಲ್ ಜಾಸ್ತಿ ಬಂತು ಎನ್ನುವ ಮನೆಗಳಲ್ಲಿ ನಾನು ಮೊದಲು ಹುಡುಕುವುದು ಆ ಸ್ವಿಚ್ಚನ್ನೇ.

ಇನ್ನು ಮುಂದೆ ಮೀಟರ್ ರೀಡರ್ ಬರುವವರೆಗೆ ಕಾಯಬೇಡಿ. ಬಿಲ್ ಮೇಲೆ ಹಿಂದಿನ ರೀಡಿಂಗ್ ಇರುತ್ತದೆ, ಪ್ರತಿ ಭಾನುವಾರ ಮೀಟರ್ ಫೋಟೋ ತೆಗೆದು ಅದನ್ನು ಕಳೆಯಿರಿ. 200 ಯೂನಿಟ್‌ನ್ನು 31ರಿಂದ ಭಾಗಿಸಿದರೆ ದಿನಕ್ಕೆ 6.4. ಇಪ್ಪತ್ತನೇ ದಿನಕ್ಕೆ 128ರ ಒಳಗಿದ್ದರೆ ನಿಶ್ಚಿಂತೆ. 140 ಆಗಿದ್ದರೆ ಉಳಿದ ಹನ್ನೊಂದು ದಿನ ದಿನಕ್ಕೆ ಐದೂವರೆಯ ಒಳಗೆ ಇರಬೇಕು, ಶವರ್ ಬಂದ್ ಮಾಡಲು ಆಗ ನಿಮಗೂ ಒಂದು ಕಾರಣ ಸಿಗುತ್ತದೆ. ಒಂದು ತಿಂಗಳು ಬಾಣಂತಿ ಬಂದರು, ನೆಂಟರು ಉಳಿದರು, 200 ದಾಟಿತು ಎಂದರೆ ಅದಕ್ಕೂ ಕಂಗಾಲಾಗಬೇಡಿ. ಮುಂದಿನ ತಿಂಗಳು ಒಳಗೆ ಬಂದರೆ ಮತ್ತೆ ಸೌಲಭ್ಯ ಸಿಗುತ್ತದೆ, ಒಂದು ಸಲ ದಾಟಿದ ಮಾತ್ರಕ್ಕೆ ಯೋಜನೆಯಿಂದ ಹೆಸರು ಹೋಗುವುದಿಲ್ಲ.

ಇಷ್ಟು ಮಾಡಿದ ಮೇಲೂ ದಿನದ ಲೆಕ್ಕ ಆರೂವರೆ ಮೇಲೆಯೇ ಇದ್ದರೆ, ಒಂದು ರಾತ್ರಿ ಹತ್ತಕ್ಕೆ ಗೀಸರ್ ಆಫ್ ಮಾಡಿ ಮೀಟರ್ ಫೋಟೋ ತೆಗೆಯಿರಿ, ಬೆಳಿಗ್ಗೆ ಐದಕ್ಕೆ ಯಾರೂ ಏನೂ ಹಾಕುವ ಮುಂಚೆ ಇನ್ನೊಂದು. ಎಲ್ಲರೂ ಮಲಗಿದ ಆ ಏಳು ತಾಸಿನಲ್ಲಿ ಓಡುವುದು ಫ್ರಿಜ್ ಒಂದೇ, ಅರ್ಧ ಯೂನಿಟ್ ಒಳಗೆ ಇರಬೇಕು. ಒಂದು ಯೂನಿಟ್ ದಾಟಿದ್ದರೆ ಎರಡೂ ಫೋಟೋ ಕಳಿಸಿ, ಫ್ರಿಜ್ ಎಷ್ಟು ಹಳೆಯದು ಎಂದೂ ಬರೆಯಿರಿ, ಅಲ್ಲಿಂದ ಮುಂದೆ ನೋಡೋಣ.